ಒಂದು ಸೊನ್ನೆ ಕಮ್ಮಿ ಫ್ರಿಜ್ಜು

ಮಹಡಿ ಮನೆಯಾಕೆಯ ಫ್ರಿಜ್ಜಿನಲ್ಲಿ ನನ್ನದೊಂದು ಹಾಲಿನ ಪಾತ್ರೆ ವಾಸವಾಗಿತ್ತು. ನಾನು ಕೆಳಗೆ, ಹಾಲು ಮೇಲೆ, ಮಂಡಿನೋವು ನಡುವಿನ ಮೆಟ್ಟಿಲ ಮೇಲೆ. ನನ್ನ ಸ್ವಂತ ಫ್ರಿಜ್ಜು ನಮ್ಮ ಯಜಮಾನರ ಹಿಂದೆಯೇ ಹೊರಟುಹೋಯಿತು. (ಕೊನೆಗಾಲದಲ್ಲಿ ಇಬ್ಬರೂ ಒಂದೇ ಥರ ಗೊರಗುಟ್ಟುತ್ತಿದ್ದರು.) ಅಂದಿನಿಂದ ಒಂದು ಲೋಟ ಟೀ ಬೇಕಾದರೂ ಮೇಲೆ ಹತ್ತಬೇಕು, "ಮತ್ತೆ ಬಂದ್ರಾ? ಈಗಷ್ಟೇ ಬಾಗಿಲು ಹಾಕಿದ್ದೆ, ತಂಪೆಲ್ಲ ಸೋರಿಹೋಗುತ್ತೆ" ಎಂಬ ಮಂಗಳಾರತಿ ಸ್ವೀಕರಿಸಬೇಕು.

ಹೀಗಿರುವಾಗ ಪೇಪರಿನೊಳಗಿಂದ ಅಂಗಡಿಯೊಂದರ ಜಾಹೀರಾತಿನ ಚೀಟಿ ಬಿತ್ತು. ಹೊಸ ಫ್ರಿಜ್ಜು, ಬೆಲೆ ಎರಡು ಸಾವಿರದ ನಾನೂರು! ನನಗೆ ಅಕ್ಷರ ಅಷ್ಟಕ್ಕಷ್ಟೇ. ಆದರೆ ಅಂಕಿ ಎಂದೂ ಕೈಕೊಟ್ಟಿಲ್ಲ. ನೇರ ಮೇಲೆ ಹತ್ತಿ, "ನಿಮ್ಮ ತಂಪು ನಿಮಗೇ ಇರ್ಲಿ ತಾಯಿ, ಇನ್ನು ಈ ಮೆಟ್ಟಿಲು ತುಳಿಯಲ್ಲ" ಎಂದು ಹಾಲಿನ ಪಾತ್ರೆ ಎತ್ತಿಕೊಂಡು, ಹಾಗೆಯೇ ಅಂಗಡಿಗೆ ನಡೆದೆ.

ಅಂಗಡಿಯವನು ಚೀಟಿ ನೋಡಿ ಹಣೆ ಚಚ್ಚಿಕೊಂಡ. "ಅಜ್ಜಿ, ಇಪ್ಪತ್ನಾಲ್ಕು ಸಾವಿರ ಇದು. ಪ್ರೆಸ್ಸಿನವನು ಒಂದು ಸೊನ್ನೆ ನುಂಗಿಬಿಟ್ಟಿದ್ದಾನೆ."

"ನುಂಗಿದವನ ಹೊಟ್ಟೆ ಅಮುಕಿ ಈಚೆ ತೆಗಿ. ನನ್ನನ್ಯಾಕೆ ಕೇಳ್ತೀಯ?"

"ಆ ಬೆಲೆಗೆ ಕೊಡಕ್ಕಾಗಲ್ಲ ಅಜ್ಜಿ."

"ನೀನು ಕೊಡೋದೇನು, ನಾನೇ ತಗೊಂಡಾಯ್ತು!" ಎಂದವಳೇ ಅಲ್ಲಿದ್ದ ಫ್ರಿಜ್ಜಿನಲ್ಲಿ ಹಾಲಿಟ್ಟು, ಬಾಗಿಲು ಹಾಕಿ, ಸ್ಟೂಲು ಎಳೆದುಕೊಂಡು ಅದಕ್ಕೇ ಬೆನ್ನು ಕೊಟ್ಟು ಕೂತೆ. "ಅಚ್ಚಾದ ಬೆಲೆಗೆ ಕೊಡಲೇಬೇಕು ಅಂತ ಕಾನೂನಿದೆ. ನಮ್ಮ ಅಳಿಯ ವಕೀಲರು, ಗೊತ್ತಾ?"

(ಕಾನೂನು ನನಗೇನೂ ಗೊತ್ತಿರಲಿಲ್ಲ. ಅಳಿಯ ಓದಿದ್ದು ಅತ್ತೆಗೆ ಸೇರುವುದಿಲ್ಲವೇ?)

ಅದೇ ಚೀಟಿ ಹಿಡಿದು ಬಂದಿದ್ದ ನಾಲ್ಕು ಜನ ನನ್ನ ಹಿಂದೆ ನಿಂತರು. ನೋಡನೋಡುತ್ತ ನಾನು ನಾಯಕಿಯಾದೆ. ಅಂಗಡಿಯವನು ಬೆವರೊರೆಸಿಕೊಂಡು ಯಾರಿಗೋ ಫೋನು ಮಾಡಿದ. ನಾನು ಅಳಿಯಂದಿರಿಗೆ ಮಾಡಿದೆ. ಅವರ ಫೋನಿಗೆ ಬಿಡುವಿರಲಿಲ್ಲ. ಆದರೂ ಮಧ್ಯಾಹ್ನದ ಬಿಸಿಲೇರುವ ಹೊತ್ತಿಗೆ ಕರಿಕೋಟು ಬಾಗಿಲಲ್ಲಿ ಕಾಣಿಸಿತು.

"ಬಂದ್ರು ನೋಡು ನಮ್ಮ ಅಳಿಯಂದಿರು!" ಎಂದೆ ನಾನು.

"ಬಂದ್ರು ನೋಡಿ ನಮ್ಮ ವಕೀಲರು!" ಎಂದ ಅವನು.

ಇಬ್ಬರದೂ ನಿಜವಾಗಿತ್ತು. ಅಳಿಯ ಅಲ್ಲ ಮಗಳ ಗಂಡ ಎಂದರೆ ಇದೇ! ಅವರು ನೆಲ ನೋಡುತ್ತ ಗಂಟಲು ಸರಿಮಾಡಿಕೊಂಡರು.

"ಅತ್ತೆ, ಜಾಹೀರಾತು ಅನ್ನೋದು ಬರೀ ಆಹ್ವಾನ. ಆ ಬೆಲೆಗೆ ಅಂಗಡಿಯವರು ಒಪ್ಪೋವರೆಗೂ ವ್ಯಾಪಾರ ಆದಂಗಲ್ಲ. ಬೇಕಂತಲೇ ಮೋಸ ಮಾಡಿದ್ರೆ ಬೇರೆ ಮಾತು. ಇದು ಅಚ್ಚಿನ ತಪ್ಪು."

"ಊಟಕ್ಕೆ ಕರೆದು ಬಾಗಿಲು ಹಾಕ್ಕೊಳ್ಳೋದು ಯಾವ ಸೀಮೆ ಕಾನೂನು?"

"ಕರೆದಿದ್ದಾರೆ ಅತ್ತೆ. ಇನ್ನೂ ಬಡಿಸಿಲ್ಲ."

"ನಾನು ಹಾಲಿಟ್ಟಾಗಿದೆ! ಒಳಗೆ ಸೇರ್ಕೊಂಡವರನ್ನ ಬಿಡಿಸೋಕೆ ವರ್ಷಗಟ್ಟಲೆ ಕೇಸು ನಡೀಬೇಕು ಅಂತ ನೀವೇ ಹೇಳಿದ್ರಲ್ಲ?"

"ಅದು ಬಾಡಿಗೆದಾರರಿಗೆ ಅತ್ತೆ. ಹಾಲಿಗಲ್ಲ."

ನನ್ನ ಸೈನ್ಯವೆಲ್ಲ ಘೊಳ್ಳೆಂದು ನಕ್ಕು ಕರಗಿತು. ಫ್ರಿಜ್ಜಿನ ಬಾಗಿಲು ತೆಗೆದರೆ ಹಾಲು ಒಡೆದುಹೋಗಿತ್ತು. (ಅಂಗಡಿಯ ಫ್ರಿಜ್ಜಿಗೆ ಕರೆಂಟು ಕೊಟ್ಟಿರುವುದಿಲ್ಲ ಎಂದು ಯಾವ ವಕೀಲರೂ ಹೇಳಿರಲಿಲ್ಲ.) ಇನ್ನೂ ವಾದಿಸಬಹುದಿತ್ತು. ಆದರೆ ನಾನು ಗೆದ್ದರೆ ಅಳಿಯನಿಗೆ ಸೋಲು, ಅಳಿಯ ಸೋತರೆ ಮಗಳ ಮನೆ ಒಲೆಗೆ ಕುತ್ತು. ಪಾತ್ರೆ ಎತ್ತಿಕೊಂಡು ತೆಪ್ಪಗೆ ಬಂದೆ.

ವಾರದೊಳಗೆ ಮಗಳ ಫೋನು.

"ಅಮ್ಮಾ, ಅಂಗಡಿಯವರು ಇವರ ಫೀಸಿಗೆ ಬದಲು ಆ ಫ್ರಿಜ್ಜನ್ನೇ ಕಳಿಸಿಬಿಟ್ರು! ಅಂಥ ಜಟ್ಟಿಯಮ್ಮನ್ನ ಎಬ್ಬಿಸಿದ್ರಲ್ಲ ಅಂತ ಭಾರೀ ಹೊಗಳಿದ್ರಂತೆ. ನಿಂಗೂ ಒಂದು ಮೂಲೆ ಬಿಟ್ಟಿದೀನಿ. ದಿನಾ ಬಂದು ಹಾಲಿಟ್ಟು ಹೋಗು."

ಮಗಳ ಮನೆಗೆ ಎರಡು ಬಸ್ಸು ಬದಲಿಸಬೇಕು. ಇಳಿದ ಮೇಲೆ ಮೂರು ಮಹಡಿ.