ಮುಚ್ಚಳವಿರುವ ಮೂರು ಬಕೆಟ್ಟು

ಕೆಲಸವಿಲ್ಲದ ಗಂಡಸು ಮನೆಯಲ್ಲಿ ಎಲ್ಲಿ ಕುಳಿತರೂ ಆ ಹೊತ್ತಿಗೆ ಸರಿಯಾಗಿ ಅದೇ ಜಾಗ ಗುಡಿಸಬೇಕಾಗಿರುತ್ತದೆ. ಅನುಭವದಿಂದ ಹೇಳುತ್ತಿದ್ದೇನೆ. ಪುಣೆ ಹತ್ತಿರದ ಚಾಕಣದ ಒಂದು ಕಾರ್ಖಾನೆಯ ಆಫೀಸಿನಲ್ಲಿ ನಾನು ಗುಮಾಸ್ತನಾಗಿದ್ದೆ. ಕಂಪ್ಯೂಟರು ಬಂತು. ಅದಕ್ಕೆ ಕುಂಕುಮ ಹಚ್ಚಿ ಹೂ ಏರಿಸಿದರು. ಸ್ವಲ್ಪ ದಿನಕ್ಕೆ ನನಗೂ ಶಾಲು ಹೊದಿಸಿ, ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು, ಇದು ಸ್ವಯಂ ನಿವೃತ್ತಿ ಎಂದರು. ಇನ್ನು ಮುಂದೆ ಹೊತ್ತು ನೋಡುವ ಅಗತ್ಯವೇ ಇಲ್ಲದವನಿಗೆ ಗಡಿಯಾರ ಕೊಡುವ ಪದ್ಧತಿ ಯಾರ ತಲೆಯಲ್ಲಿ ಹುಟ್ಟಿತೋ ಗೊತ್ತಿಲ್ಲ. ಕೋಥರೂಡದ ನಮ್ಮ ಮನೆಯಲ್ಲಿ ಅದನ್ನು ತೂಗುಹಾಕಿ, ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತೆ. ಮನೆಯಾಕೆ ಕಸಬರಿಗೆ ಹಿಡಿದು ಬಂದು "ಸ್ವಲ್ಪ ಕಾಲ ಮ್ಯಾಲೆತ್ತರಿ" ಅನ್ನುವುದು ದಿನಚರಿಯಾಯಿತು.

ಇಂಥ ಸಮಯದಲ್ಲಿ ನಮ್ಮ ಬಿಲ್ಡಿಂಗಿನ ಕೆಳಗಿನ ಕೋಣೆಗೆ ಹನ್ನಾ ಎಂಬ ಜರ್ಮನ್ ಹುಡುಗಿ ಬಾಡಿಗೆಗೆ ಬಂದಳು. ಕಾಲೇಜು ಮುಗಿಸುವ ಮೊದಲು ಪರದೇಶದಲ್ಲಿ ಕೆಲವು ತಿಂಗಳು ಇಂಟರ್ನ್ ಆಗಿ ದುಡಿಯಬೇಕು ಎಂಬುದು ಅವರ ಕಡೆಯ ನಿಯಮವಂತೆ. ಯಾವುದೋ ಸಂಸ್ಥೆ ಆಕೆಯನ್ನು ಪುಣೆಗೆ ಕಳಿಸಿತ್ತು. ಮನೆಮನೆಗಳಲ್ಲಿ ಕಸವನ್ನು ಬೇರೆ ಬೇರೆ ಮಾಡಿಸಿ, ಒಂದು ಶೆಡ್ಡಿಗೆ ತರಿಸಿ, ಮರುಬಳಕೆಗೆ ಅಣಿಮಾಡಿ, ಆ ನೆಪದಲ್ಲಿ ನಿರುದ್ಯೋಗಿ ತರುಣರಿಗೆ ಕೆಲಸ ಕೊಡುವುದು ಯೋಜನೆ. ಇದನ್ನೆಲ್ಲ ನಾನು ಮನೆಯಾಕೆಗೆ ವಿವರಿಸಿದಾಗ ಆಕೆ ಮರುಗಿದಳು. "ಅಯ್ಯ ಪಾಪ, ಇಷ್ಟ ದೂರ ಬಂದಾಳಂದ್ರ, ಅವರ ಊರಾಗ ಕಸಾ ಸಾಲಲಿಲ್ಲೇನ್ರಿ?" ಎಂದು ಕೇಳಿ, ಹುಡುಗಿಗೆ ಹಣಮವ್ವ ಎಂದು ಹೆಸರಿಟ್ಟು, ಸಂಜೆಗೊಮ್ಮೆ ಚಹಾಕ್ಕೆ ಕರೆಯತೊಡಗಿದಳು.

ನಿರುದ್ಯೋಗಿ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಕುರ್ಚಿಯಿಂದ ಎದ್ದೆ. ತರುಣ ಎಂಬುದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಶೆಡ್ಡಿಗೆ ಒಬ್ಬ ಮೇಲ್ವಿಚಾರಕ ಬೇಕಾಗಿದ್ದ. ಟೇಬಲ್ಲು, ಫ್ಯಾನು, ಕೊರಳಲ್ಲಿ ನೇತಾಡುವ ಗುರುತಿನ ಚೀಟಿ! "ನಮ್ಮ ಹಿರಿಯರು ಪರೀಕ್ಷೆಗೆ ಬರುತ್ತಾರೆ. ನಿಮ್ಮ ಬಿಲ್ಡಿಂಗ್ ಅವರಿಗೆ ಮೆಚ್ಚುಗೆಯಾದರೆ ಶೆಡ್ಡು ಇಲ್ಲೇ ಆಗುತ್ತದೆ. ನಿಮ್ಮ ವಯಸ್ಸಿನ ವಿಷಯ ನಾನು ಮಾತಾಡುತ್ತೇನೆ" ಎಂದು ಹನ್ನಾ ತನ್ನ ಇಂಗ್ಲಿಷಿನಲ್ಲಿ ಹೇಳಿದ್ದು ನನ್ನ ಇಂಗ್ಲಿಷಿಗೆ ಚೆನ್ನಾಗಿಯೇ ತಿಳಿಯಿತು. ಮರುದಿನ ಕೂದಲಿಗೆ ಬಣ್ಣ ಹಚ್ಚಿಕೊಂಡೆ. ನಗಬೇಡಿ. ಬೆಳಿಗ್ಗೆ ಅಂಗಿ ಇಸ್ತ್ರಿ ಮಾಡಿಸಿಕೊಂಡು ಎಲ್ಲಿಗಾದರೂ ಹೊರಡುವ ಆಸೆ ಎಷ್ಟು ದೊಡ್ಡದೆಂದು ಹೊರಡುವುದು ನಿಂತವನಿಗೇ ಗೊತ್ತು.

ಪ್ರತಿ ಮನೆಗೂ ಮೂರು ಬಕೆಟ್ಟು ಬಂದವು. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ, ಒಡೆದ ಬಲ್ಬು, ಔಷಧದ ಬಾಟಲಿಗಳಿಗೆ ಕೆಂಪು. ಗಟ್ಟಿ ಪ್ಲಾಸ್ಟಿಕ್ಕು, ಬಿಗಿಯಾದ ಮುಚ್ಚಳ. ನಾನೇ ಮೆಟ್ಟಿಲು ಹತ್ತಿ ಇಳಿದು ಹಂಚಿದೆ. ಶೆಡ್ಡು ಶುರುವಾಗುವವರೆಗೆ ಜನಕ್ಕೆ ಬರೀ ಅಭ್ಯಾಸವಾಗಲಿ ಎಂಬುದು ಹನ್ನಾಳ ಲೆಕ್ಕ. ನಾನು ಸಂಜೆ ಸಂಜೆ ಬಾಗಿಲಲ್ಲಿ ನಿಂತು ವಿಚಾರಿಸುತ್ತಿದ್ದೆ. ಎದುರುಮನೆಯ ಹಿರಿಯಾಕೆ ಜೋಶಿ ಕಾಕು "ರೋಜ್ ವಾಪರತೆ ಹೋ!" ಎಂದು, ದಿನಾ ಬಳಸುತ್ತೇನೆಂದು, ಮರಾಠಿಯಲ್ಲಿ ಭರವಸೆ ಕೊಟ್ಟರು. ನಮ್ಮ ಮನೆಯಾಕೆಯಂತೂ "ಅವಿಲ್ಲಂದ್ರ ಈಗ ನಂಗ ಕೈನ ಆಡೂದಿಲ್ಲ" ಎಂದಳು. ನಾನು ಹಿಗ್ಗಿ ಹೀರೇಕಾಯಿಯಾಗಿ ಹನ್ನಾಳಿಗೆ ವರದಿ ಒಪ್ಪಿಸಿದೆ. ಅಡುಗೆಮನೆಯೊಳಗೆ ಕಾಲಿಟ್ಟು ಒಮ್ಮೆ ಕಣ್ಣಾರೆ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಊಟ ಹೊರಗೇ ಬರುವಾಗ ಒಳಗೆ ಹೋಗಿ ನೋಡುವ ಪ್ರಸಂಗ ನನಗೆ ಮದುವೆಯಾದಾಗಿನಿಂದ ಬಂದಿರಲಿಲ್ಲ.

ಪರೀಕ್ಷಕರು ಬಂದರು. ಎತ್ತರದ ಒಬ್ಬ ಮುದುಕಿ, ಕ್ಯಾಮರಾ ಹಿಡಿದ ಒಬ್ಬ ಗಡ್ಡದವನು. ಮೊದಲು ನಮ್ಮ ಮನೆಯೇ. ಮುದುಕಿ ಕೈಗೆ ರಬ್ಬರಿನ ಗವಸು ತೊಟ್ಟು, ಮೂಗು ಹಿಡಿದುಕೊಂಡು, ಹಸಿರು ಬಕೆಟ್ಟಿನ ಮುಚ್ಚಳ ತೆಗೆದಳು. ಒಳಗೆ ಕಂಠಮಟ್ಟ ಜೋಳದ ಹಿಟ್ಟು. ನೀಲಿಯಲ್ಲಿ ಶೇಂಗಾ. ಕೆಂಪಿನಲ್ಲಿ ಅವಲಕ್ಕಿ. ಮುದುಕಿ ಹಿಟ್ಟಿನೊಳಗೆ ಬೆರಳಿಡಲು ಹೋದಾಗ ಮನೆಯಾಕೆ ಚೀರಿದಳು: "ಏ ಬಾಯಾರ, ಮುಟ್ಟಬ್ಯಾಡ್ರಿ! ಮೊದಲ ಕೈ ತೊಳಕೊಳ್ರಿ!"

ಎದುರುಮನೆಯಲ್ಲಿ ಅಕ್ಕಿ, ಬೇಳೆ. ಮೇಲಿನ ಮಹಡಿಯಲ್ಲಿ ಹಸಿರು ಬಕೆಟ್ಟಿನಲ್ಲಿ ತುಳಸಿಯೇ ನೆಲೆಸಿದ್ದಳು. ಕಸ ಮಾತ್ರ ಎಲ್ಲರ ಮನೆಯಲ್ಲೂ ಎಂದಿನಂತೆ ಬಾಗಿಲ ಚಿಲಕಕ್ಕೆ ತೂಗುಹಾಕಿದ ಹರಕು ಚೀಲದಲ್ಲಿತ್ತು. ನಾನು ಮನೆಯಾಕೆಯ ಮೇಲೆ ಹರಿಹಾಯ್ದೆ. ಆಕೆ ಶಾಂತವಾಗಿ ನನ್ನನ್ನೇ ಕೇಳಿದಳು: "ಇಂಥಾ ಛಲೋ ಬಕೀಟನ್ಯಾಗ ಯಾರರ ಕಸಾ ಹಾಕ್ತಾರೇನ್ರಿ? ಹುಳಾ ಹತ್ತೂದು ಹಿಟ್ಟಿಗೋ, ಕಸಕ್ಕೋ?" ಇದನ್ನು ನಾನು ಇಂಗ್ಲಿಷಿಗೆ ತರಲಿಲ್ಲ.

ಹನ್ನಾ ಮೆಟ್ಟಿಲ ಮೇಲೆ ಕುಳಿತು ಮೊದಲು ಅತ್ತಳು, ಆಮೇಲೆ ನಕ್ಕಳು. ಪರೀಕ್ಷಕರು ಅದೇ ಹಸಿರು ಬಕೆಟ್ಟಿನ ಹಿಟ್ಟಿನಿಂದ ಬಡಿದ ಬಿಸಿ ರೊಟ್ಟಿ ಉಂಡು, ಕೈಮುಗಿದು, ಶೆಡ್ಡನ್ನು ದೂರದ ಶಿರೂರಿಗೆ ಕೊಂಡೊಯ್ದರು. ಹನ್ನಾಳೂ ಹೋದಳು. "ಹಣಮವ್ವ, ಉಪವಾಸ ಇರಬ್ಯಾಡ ತಂಗಿ" ಎಂದು ಮನೆಯಾಕೆ ರೊಟ್ಟಿ ಕಟ್ಟಿ ಕೊಟ್ಟಳು. ನನಗೆ ಅವತ್ತು ನಿಜಕ್ಕೂ ದುಃಖವಾಯಿತು. ಆ ಗುರುತಿನ ಚೀಟಿ ನನಗೆ ಬೇಕಾಗಿತ್ತು. ಕೂದಲಿನ ಬಣ್ಣ ಬುಡದಿಂದ ಬಿಡತೊಡಗಿತು. ನಾನು ಮತ್ತೆ ಗಡಿಯಾರದ ಕೆಳಗೆ ಕುಳಿತೆ.

ಮರುವಾರ ಮನೆಯಾಕೆ ಎದುರಿಗೆ ಬಂದು ನಿಂತಳು. ವಾಡಿಕೆಯಂತೆ ನಾನು ಕಾಲು ಮೇಲೆತ್ತಿದೆ. ಕೈಯಲ್ಲಿ ಕಸಬರಿಗೆ ಇರಲಿಲ್ಲ, ಹಸಿರು ಬಕೆಟ್ಟಿತ್ತು, ತುಂಬ ಜೋಳ. "ಮೂರು ತಿಂಗಳಿಂದ ಮೆಟ್ಲಾ ಹತ್ತಿ ಇಳದು ನಿಮಗ ರೂಢಿ ಆಗೇದ. ಕುಂತ್ರ ಮತ್ತ ಕಾಲ ಹಿಡೀತಾವ. ಗಿರಣಿಗೆ ಹೋಗಿ ಬೀಸಿಕೊಂಡ ಬರ್ರಿ. ಹಂಗ ಜೋಶಿ ಕಾಕುಂದೂ ತಗೊಂಡ ಹೋಗ್ರಿ, ಪಾಪ, ಅವರ ಮೊಣಕಾಲ ನೋಯ್ತಾವಂತ."

ಈಗ ಪ್ರತಿ ಗುರುವಾರ ನಾನು ಇಸ್ತ್ರಿ ಅಂಗಿ ತೊಟ್ಟು, 'ಹಸಿ ಕಸ' ಎಂದು ದಪ್ಪ ಅಕ್ಷರದಲ್ಲಿ ಬರೆದಿರುವ ಬಕೆಟ್ಟುಗಳನ್ನು ಎರಡೂ ಕೈಯಲ್ಲಿ ಹಿಡಿದು ಗಿರಣಿಯ ಸರದಿಯಲ್ಲಿ ನಿಲ್ಲುತ್ತೇನೆ. ನಮ್ಮ ಬಿಲ್ಡಿಂಗಿನಲ್ಲಿ ಆ ಯೋಜನೆಯಿಂದ ಉದ್ಯೋಗ ಸಿಕ್ಕಿದ್ದು ನನಗೊಬ್ಬನಿಗೇ.