ಸಂಘದ ಹಸರು ಸೀರಿ

ನಗಿ ಹುಡುಕ್ಕೊಂಡು ಹೋದಾಕಿ ನಾನಲ್ಲ. ಹೊಟ್ಟಿಪಾಡಿಗೆ ಹೋದಲ್ಲೆಲ್ಲಾ ಇಂಥಾ ನಗಿ ಪ್ರಸಂಗ ಬೆನ್ನು ಹತ್ತಿ ಬಂದಾವ. ಅತ್ತು ಅತ್ತು ಸಾಕಾಗೇತಿ, ಅದಕ್ಕ ಹೇಳಾಕತ್ತೇನಿ.

೧. ಚಾ ಬಂತು

ಎಮರ್ಜೆನ್ಸಿ ಮುಗಿದಿತ್ತು. ಹಾನಗಲ್ಲಿನ ಶೇಂಗಾ ಮಿಲ್ಲಿನಾಗ ನಾವು ನಲವತ್ತು ಹೆಣ್ಮಕ್ಕಳು ಕಾಳು ಆರಿಸ್ತಿದ್ವಿ. ನನ್ನ ಗಂಡ ಹಾಸಿಗಿ ಹಿಡಿದಿದ್ದ. ನನಗ ಕೂಲಿ ಸಿಕ್ಕರ ಒಲಿ ಹತ್ತತಿತ್ತು, ಇಲ್ಲಂದ್ರ ಇಲ್ಲ. ಸಾವ್ಕಾರ ಮನಸ್ಸಿಗೆ ಬಂದಷ್ಟು ಕೂಲಿ ಕೊಡ್ತಿದ್ದ. ನಮ್ಮೊಳಗಿನ ಒಬ್ಬಾಕಿ ಬಾಯಿಬಡಕಿ ಸಂಘ ಕಟ್ಟಿದ್ಲು, ತಾನ ಲೀಡರ್ ಆದ್ಲು. ಮೂರು ದಿನ ಗೇಟಿನ ಮುಂದ ಕುಂತ್ವಿ. ಕೂಲಿ ಏರ್ತು. ದಿನಕ್ಕೆರಡು ಸಲ ಚಾ, ದೀಪಾವಳಿಗೊಂದು ಸೀರಿ ಅಂತ ಕಾಗದಾನೂ ಆತು.

ಮೊದಲನೇ ದಿನದ ಚಾ ಕುಡಿದು ಲೀಡರ್ ಅಂದ್ಲು, "ಸಾವ್ಕಾರ್ರ, ಇದರಾಗ ಹಾಲ ಇಲ್ಲಲ್ರಿ?"

"ಕಾಗದದಾಗ ಚಾ ಅಂತಷ್ಟ ಐತಿ. ಹಾಲು ಬೇಕಂದ್ರ ಮತ್ತ ಮೂರು ದಿನ ಕುಂದರ್ರಿ."

೨. ಸೀರಿ ಬಂತು

ಗಂಟುಗಟ್ಲೆ ಕೊಂಡ್ರ ಸೋವಿ ಅಂತ ಸಾವ್ಕಾರ ಎಲ್ಲಾರಿಗೂ ಒಂದ ನಮೂನಿ ಸೀರಿ ತಂದ. ಗಿಣಿ ಹಸರು, ಕೆಂಪು ಅಂಚು. ಸಂತ್ಯಾಗ ಲೀಡರ್ ಗಂಡ ಹಿಂದಿನಿಂದ ಬಂದು ನನ್ನ ಸೆರಗು ಜಗ್ಗಿ, "ನಡಿ ಮನಿಗೆ, ಹಸಿವ್ಯಾಗೇತಿ" ಅಂದ. ತಿರುಗಿ ನೋಡಿದೆ. ಅವನ ಮಾರಿ ಬಿಳಚಿಕೊಂತು.

"ತಪ್ಪಾತಕ್ಕಾ, ಸೀರಿ ನೋಡಿ..."

"ಹಂಗಾರ ಊರಾಗ ನಿನಗ ನಲವತ್ತು ಮಂದಿ ಹೆಂಡ್ರು. ಎಲ್ಲಾರಿಗೂ ರೊಟ್ಟಿ ಹಾಕ್ತೀಯೇನು?"

೩. ಮಷೀನೂ ಬಂತು

ಎರಡು ವರ್ಷಕ್ಕ, ಕೂಲಿ ದುಬಾರಿ ಆತು ಅಂತ ಸಾವ್ಕಾರ ಕಾಳು ಆರಿಸೋ ಮಷೀನು ತಂದ. ಮೂವತ್ತೈದು ಮಂದಿ ಹೊರಗ ಬಿದ್ವಿ. ಅದರಾಗ ನಾನೂ ಲೀಡರೂ.

ಲೀಡರ್ ಗೇಟಿನಾಗ ನಿಂತು ಒದರಿದ್ಲು, "ಮಷೀನಿಗೂ ಚಾ ಕೊಡ್ತೀರೇನ್ರಿ?"

"ಅದು ಕೇಳಾಂಗಿಲ್ಲವ್ವಾ. ಅದಕ್ಕ ತಂದೇನಿ."

೪. ಗೇಟು ಹಾಕಿತ್ತು

ನಾನೂ ಲೀಡರೂ ಶಿಗ್ಗಾಂವಿ ಹತ್ತಿ ಗಿರಣಿಗೆ ಕೆಲಸ ಕೇಳಾಕ ಹೋದ್ವಿ. ಹರೀಲಾರದ ಸೀರಿ ಅಂದ್ರ ಅದೊಂದ, ಅದನ್ನ ಉಟ್ಟಿದ್ವಿ. ಗಿರಣಿ ಮಾಲಕ ನಮ್ಮ ಸಾವ್ಕಾರನ ಬೀಗ. ಕಾವಲುಗಾರ ದೂರದಿಂದ ನೋಡಿನ ಗೇಟು ಹಾಕಿದ. "ಹಸರು ಸೀರಿ, ಕೆಂಪು ಅಂಚು ಕಂಡ್ರ ಒಳಗ ಬಿಡಬ್ಯಾಡ ಅಂದಾರ. ಸಂಘದವ್ರು ನಮಗ ಬ್ಯಾಡ." ಸವಣೂರಾಗೂ ಇದ ಮಾತು, ಹಿರೇಕೆರೂರಾಗೂ ಇದ ಮಾತು. ಬೇಡಿ ಗಳಿಸಿದ ಸೀರೀನ ನಮ್ಮ ಅನ್ನ ಕಸಗೊಂತು.

ಕಡೀಗೆ ನೆರೆಮನ್ಯಾಕಿ ಸೀರಿ ಇಸಗೊಂಡು ಉಟ್ಟು, ಒಬ್ಬಾಕಿನ ಶಿಗ್ಗಾಂವಿಗೆ ಮತ್ತ ಹೋದೆ. ಗೇಟಿನ ಮುಂದ ಅದ ಹಸರು ಸೀರಿ ಉಟ್ಟಾಕಿ ಒಬ್ಬಾಕಿ ಬಿಸಲಾಗ ನಿಂತು ಒದರಾಕತ್ತಿದ್ಲು. ಕಾವಲುಗಾರ ಕೈ ಅಡ್ಡ ಹಿಡಿದು, "ಎಷ್ಟು ಸಲ ಹೇಳ್ಲಿ? ಕೆಲಸ ಇಲ್ಲ, ನಡಿ!" ಅಂತಿದ್ದ.

ಆಕಿ ಮಾಲಕನ ಹೆಂಡ್ತಿ! ಸಾವ್ಕಾರನ ಮನಿ ಮದುವ್ಯಾಗ ನೋಡಿದ್ದೆ. ಮನಿ ಹೊಸ್ತಿಲ ದಾಟದಾಕಿ, ಆವತ್ತ ಗಿರಣಿ ನೋಡಾಕ ಬಂದಿದ್ಲು. ನಮ್ಮ ಜುಗ್ಗ ಸಾವ್ಕಾರ ಉಳಿದ ಸೀರೀನ ಬೀಗತಿಗೆ ಆಯೇರಿ ಅಂತ ಉಡುಗೊರಿ ಕೊಟ್ಟಿದ್ದ. ಕೊರಳಾಗಿನ ಬಂಗಾರದ ಬೋರಮಾಳಾನರ ನೋಡಬಾರದೇನು ಆ ಮಬ್ಬ!

ನನಗ ನಗಿ ತಡೀಲಿಲ್ಲ. ಅಷ್ಟರಾಗ ಮಾಲಕ ಓಡಿ ಬಂದ. ಕಾವಲುಗಾರನ ಕೆಲಸ ಅಲ್ಲೇ ಹೋತು. ಆಕಿ ನನ್ನ ಕಡೆ ಬಟ್ಟು ಮಾಡಿ, "ನಗಾಕತ್ತಾಳ ನೋಡ್ರಿ, ಈಕೀನೂ ಅಟ್ರಿ" ಅಂದ್ಲು. ಸಿಗದ ಕೆಲಸಾನೂ ಹೋತು.

ಬಸ್‌ಸ್ಟ್ಯಾಂಡಿನ ಹಾದ್ಯಾಗ ಕಾವಲುಗಾರ ಹಿಂದ ಬಂದ. "ಅಕ್ಕಾರ, ಸೀರಿ ಬದಲಿ ಆದ್ರೂ ನಿಮ್ಮ ಗುರ್ತು ಸಿಕ್ತು. ನಿಮ್ಮ ಸಂಘದಾಗ ನನಗ ಜಾಗ ಐತೇನ್ರಿ?"

"ಜಾಗಕ್ಕೇನಪಾ, ಬೇಕಾದಷ್ಟೈತಿ. ಕೆಲಸ ಇಲ್ಲ, ಚಾ ಇಲ್ಲ. ಹಸರು ಸೀರಿ ಒಂದೈತಿ, ಉಟಗೋತಿಯೇನು?"