ನಾಲ್ಕು ಮನೆ, ಒಬ್ಬ ಮಾಲೀಕ

ಇಪ್ಪತ್ತು ವರ್ಷ ಗೋಡೆಗೊಂದು ಮೊಳೆ ಹೊಡೆಯಲೂ ಮಾಲೀಕರ ಅಪ್ಪಣೆ ಬೇಡಿದ ನಾನು ಕೊನೆಗೊಂದು ಭೀಷ್ಮಪ್ರತಿಜ್ಞೆ ಮಾಡಿದೆ: ನಾನೂ ಮಾಲೀಕನಾಗುತ್ತೇನೆ, ಅದೂ ಒಂದಲ್ಲ, ನಾಲ್ಕು ಮನೆಗೆ! ಎರಡು ದಿನದ ಪ್ರಯಾಣದಾಚೆಯ ಗಣಿಯೂರಿನಲ್ಲಿ ನಾಲ್ಕು ಮನೆಗಳ ಒಂದು ಕಟ್ಟಡ ನನಗಾಗಿಯೇ ಕಾದಿತ್ತು.

"ನೋಡದೇ ಕೊಳ್ತಿದ್ದೀರಲ್ರೀ!" ಎಂದಳು ಹೆಂಡತಿ. ಅವಳು ಆಸ್ಪತ್ರೆಯಲ್ಲಿ ನರ್ಸು; ನಾಡಿ ಹಿಡಿಯದೆ ಯಾರನ್ನೂ ನಂಬುವವಳಲ್ಲ.

"ಒಂದೇ ವಾರ ಕಣೇ! ನಾಲ್ಕೂ ಮನೆ ತುಂಬಿಸಿ ಬಂದುಬಿಡ್ತೀನಿ."

ಹೋಗಿ ನೋಡಿದರೆ ಗಣಿಯ ಕೆಲಸ ಗುಡ್ಡದ ಆಚೆಗೆ ಸರಿದಿತ್ತು, ಜನರೂ ಅದರ ಬೆನ್ನು ಹಿಡಿದು ಹೋಗಿದ್ದರು. ನನ್ನ ಕಟ್ಟಡದಲ್ಲಿ ಬಾಡಿಗೆಗೆ ಉಳಿದವನು ಬಂಡೆ ಕೊರೆಯುವ ಯಂತ್ರದ ಒಬ್ಬ ಡ್ರಿಲ್ಲರ್ ಮಾತ್ರ. ಖಾಲಿ ಮೂರರಲ್ಲಿ ನಾನು ಒಂದರಲ್ಲಿ ಮಲಗಿದೆ, ಒಂದರಲ್ಲಿ ಬೇಯಿಸಿಕೊಂಡೆ, ಇನ್ನೊಂದರಲ್ಲಿ ಬಟ್ಟೆ ಒಣಹಾಕಿದೆ. ವೈಭವವೋ ವೈಭವ! ವಾರ ಕಳೆದು ನಲವತ್ತು ದಿನವಾಯಿತು. ಸೋತೆನೆಂದು ಹೇಳಿಕೊಂಡು ವಾಪಸು ಹೋಗಲು ಮೀಸೆ ಬಿಡಲಿಲ್ಲ.

ಆದರೆ ಮನಸ್ಸು ಕೇಳಬೇಕಲ್ಲ! ಒದ್ದೆ ಟವೆಲನ್ನು ಬೇಕೆಂದೇ ಹಾಸಿಗೆಯ ಮೇಲೆ ಎಸೆದು ಕಿವಿಗೊಟ್ಟು ಕೂರುತ್ತಿದ್ದೆ. ಬೈಯುವವರೇ ಇಲ್ಲ! ಇಬ್ಬರಿಗೆ ಅಕ್ಕಿ ಹಾಕಿಬಿಟ್ಟು, ಮಿಕ್ಕ ಅನ್ನದ ಮುಂದೆ ಸುಮ್ಮನೆ ಕೂತ ದಿನಗಳೂ ಉಂಟು.

ಆ ಊರಿನಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ತಾರಸಿಯ ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಮಾತ್ರ. ಹೆಂಡತಿಯ ಡ್ಯೂಟಿ ಮುಗಿಯುವ ನಾಲ್ಕು ಗಂಟೆಗೆ ಏಣಿ ಹತ್ತಿ ದಿನವೂ ಬುರುಡೆ ಬಿಡುತ್ತಿದ್ದೆ: "ಮನೆಗಳೆಲ್ಲ ಭರ್ತಿ! ಪುರುಸೊತ್ತೇ ಇಲ್ಲ!"

ಅವತ್ತೂ ಅದನ್ನೇ ಹೇಳುತ್ತಿದ್ದೆ. ಗಣಿಯಲ್ಲಿ ಢಮಾರ್ ಎಂದು ಬಂಡೆ ಸಿಡಿಯಿತು. ಟ್ಯಾಂಕು ನಡುಗಿತು, ನಾನು ನಡುಗಿದೆ, ಏಣಿ ಜಾರಿ ತಾರಸಿಯಿಂದಲೂ ಕೆಳಗೆ ಅಂಗಳಕ್ಕೆ ಬಿತ್ತು!

"ಯಾರಾದ್ರೂ ಇದ್ದೀರಾ? ಏಣಿ! ಏಣಿ!"

ಪಾಳಿ ಮುಗಿಸಿ ಮಲಗಿದ್ದ ಡ್ರಿಲ್ಲರ್ ಮಿಸುಕಲಿಲ್ಲ. ಫೋನಿನಿಂದ ತಣ್ಣಗಿನ ದನಿ ಬಂತು: "ನಾಲ್ಕು ಮನೆ ತುಂಬ ಜನ ಅಂದ್ರಿ. ಒಬ್ಬರಿಗೂ ಕಿವಿ ಇಲ್ವಾ?"

ಗಣಿಯಿಂದ ಹಾರಿಬಂದ ಕೆಂಪು ಧೂಳಿನಲ್ಲಿ ಮುಳುಗಿದ್ದ ನಾನು ಕರಗಿಹೋದೆ. ಗಂಟಲು ಹರಿಯುವಂತೆ ಕೂಗಿಬಿಟ್ಟೆ: "ಎಲ್ಲ ಖಾಲಿ ಕಣೇ! ನಾಲ್ಕು ಮನೆ ಇದೆ, ಮನೆಯವಳೇ ಇಲ್ಲ! ನೀನಿಲ್ಲದೆ ನನ್ನ ಕೈಲಿ ಆಗ್ತಿಲ್ಲ!"



"ನಂಗೆ ಗೊತ್ತಿತ್ತು. ನಲವತ್ತು ದಿನದಲ್ಲಿ ಒಬ್ಬ ಬಾಡಿಗೆದಾರನ ಮೇಲೂ ದೂರು ಹೇಳಿಲ್ಲ ನೀವು. ಇದ್ದಿದ್ರೆ ತಾನೇ!" ಅವಳ ದನಿ ಒದ್ದೆಯಾಯಿತು. "ನಾನೂ ದಿನಾ ಎರಡು ಲೋಟ ಕಾಫಿ ಮಾಡ್ತಿದ್ದೀನಿ. ಮೊದಲು ಇಳೀರಿ. ಹೊರಟು ಬನ್ನಿ."

ಅಷ್ಟರಲ್ಲಿ ಕೆಳಗೆ ಬಾಗಿಲು ತೆರೆಯಿತು. ಏಣಿಯ ಕೂಗಿಗೆ ಏಳದ ಡ್ರಿಲ್ಲರ್ ನನ್ನ ವಿರಹದ ಕೂಗಿಗೆ ಎದ್ದಿದ್ದ! ಏಣಿಯನ್ನು ಮೇಲೆ ತಂದು ನಿಲ್ಲಿಸಿ, ನಾನು ಇಳಿಯುವವರೆಗೂ ಭದ್ರವಾಗಿ ಹಿಡಿದುಕೊಂಡ. ನೋಡಿದರೆ ಅವನ ಕಣ್ಣೂ ಕೆಂಪಾಗಿತ್ತು.

"ಓನರ್ ಸಾರ್, ನಿಮ್ಮ ಮಾತು ಕೇಳಿ ಕರುಳು ಚುರುಕ್ ಅಂತು."

"ಧನ್ಯವಾದ ಕಣಪ್ಪಾ," ಎಂದೆ ಗದ್ಗದಿತನಾಗಿ.

"ನಾನೂ ಹೆಂಡ್ತೀನ ನೋಡಿ ಎಂಟು ತಿಂಗಳಾಯ್ತು ಸಾರ್. ನಾಳೆನೇ ಮನೆ ಖಾಲಿ ಮಾಡ್ತೀನಿ!"